ಹಾಡು, ಆಟ, ನಾಟಕ: ಕೋಠಿಯ ರೇಡಿಯೋ ದಿನಗಳು



ಕೋಠಿಯ ಗುಜರಾತಿ ಗಲ್ಲಿಯಲ್ಲಿ ರೇಡಿಯೋ ಬಿಡಿಭಾಗ ಹುಡುಕಿದವರು ನಿಮ್ಮಲ್ಲಿ ಹಲವರಿರಬಹುದು. ಆ ಪೆಟ್ಟಿಗೆಯೊಳಗೆ ಸಂಗೀತ, ಆಟ, ನಾಟಕ ಮೂರೂ ಬಂದ ಕಥೆ ಕೇಳಿ.

ನಿಜಾಮರ ಡೆಕ್ಕನ್ ರೇಡಿಯೋ 1935ರಲ್ಲಿ 200 ವಾಟ್ ಶಕ್ತಿಯಿಂದ ಶುರುವಾಯಿತು. ಅದೇ ವರ್ಷ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು. 1950ರ ಏಪ್ರಿಲ್ 1ರಂದು ಹೈದರಾಬಾದ್ ಕೇಂದ್ರ ಆಕಾಶವಾಣಿಗೆ ಸೇರಿತು.

1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಬಂತು. ರಾಗಕ್ಕೆ ಭಾಷೆಯ ಹಂಗಿಲ್ಲ. 1955ರ ನವೆಂಬರಿನಲ್ಲಿ ಕೋಠಿಗೆ ಹತ್ತಿರದ ಫತೇ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ ಪಾಲಿ ಉಮ್ರಿಗರ್ 223 ರನ್ ಗಳಿಸಿದರು. ಟೆಸ್ಟಿನಲ್ಲಿ ಭಾರತದ ಮೊದಲ ದ್ವಿಶತಕ ಅದು. ಆ ಕಾಲದ ಕಾಮೆಂಟರಿ ಬಹುಪಾಲು ಇಂಗ್ಲಿಷು. ಆದರೂ ಸ್ಕೋರು ಯಾರಿಗೆ ತಿಳಿಯದು?

ನಾಟಕ ಹಾಗಲ್ಲ. ಬಾನುಲಿಯಲ್ಲಿ ಮಾತೇ ರಂಗ, ಮಾತೇ ವೇಷ. 1956ರಲ್ಲಿ ರಾಷ್ಟ್ರೀಯ ನಾಟಕ ಕಾರ್ಯಕ್ರಮ ಶುರುವಾಗಿ, ಒಂದೇ ನಾಟಕ ಹಲವು ಭಾಷೆಗಳಲ್ಲಿ ಪ್ರಸಾರವಾಗತೊಡಗಿತು. ಅದೇ ವರ್ಷದ ನವೆಂಬರ್ 1ರಂದು ಬೀದರ್, ಗುಲ್ಬರ್ಗಾ, ರಾಯಚೂರಿನ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಹೋದವು. ಕೋಠಿಯ ಕನ್ನಡಿಗರು ಇಲ್ಲೇ ಉಳಿದರು. ಅವರ ಭಾಷೆಯ ಕೇಂದ್ರಗಳು ಈಗ ಗಡಿಯಾಚೆ: 1950ರಲ್ಲಿ ಆರಂಭವಾದ ಧಾರವಾಡ, 1966ರಲ್ಲಿ ಬಂದ ಗುಲ್ಬರ್ಗಾ. ಹಗಲು ಸಿಗದ ದೂರದ ಮೀಡಿಯಂ ವೇವ್ ಕೇಂದ್ರ ರಾತ್ರಿ ಗೊರಗೊರ ಸದ್ದಿನ ನಡುವೆ ಸಿಗಬಹುದು; ಮುಳ್ಳು ತಿರುಗಿಸುವ ತಾಳ್ಮೆ ಬೇಕು.

ಹಾಡು, ಆಟ ಯಾವ ಕೇಂದ್ರದಿಂದ ಬಂದರೂ ಸರಿ. ಮನೆಮಾತಿನ ಜಗಳ, ನಗು ಕೇಳಲು ಕನ್ನಡದ ಹೊತ್ತೇ ಬೇಕು. ನಿಮ್ಮ ಮನೆಯ ಹಿರಿಯರು ಅಂದು ಕೇಳಿದ ನಾಟಕ ಯಾವುದು? ಇಂದೇ ವಿಚಾರಿಸಿ, ಬರೆದಿಡಿ. ನಮಗೂ ಒಂದು ಕಾಗದ ಹಾಕಿ.