ಔಷಧದ ಅಣುವಿಗೆ ಪ್ಲಾಸ್ಟಿಕ್ ಅಚ್ಚು: ಅಚ್ಚೇ ಸುಳ್ಳು ಹೇಳಿದರೆ?

ಅಸ್ತಮಾಕ್ಕೆ ಕೊಡುವ ಥಿಯೊಫಿಲಿನ್‌ಗೂ ಕಾಫಿಯಲ್ಲಿರುವ ಕೆಫೀನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಮಿಥೈಲ್ ಗುಂಪು. ರೋಗಿ ಕಾಫಿ ಕುಡಿದು ಬಂದಿದ್ದರೆ ರಕ್ತದಲ್ಲಿ ಎರಡೂ ಇರುತ್ತವೆ. ಅದರಲ್ಲಿ ಔಷಧವನ್ನಷ್ಟೇ ಹೆಕ್ಕುವುದು ಹೇಗೆ? ಇದಕ್ಕಿರುವ ಒಂದು ಉಪಾಯ ಅಣುಮುದ್ರಿತ ಪಾಲಿಮರ್.

ಬೇಕಾದ ಔಷಧವನ್ನು ಮೆಥಾಕ್ರಿಲಿಕ್ ಆಮ್ಲದಂತಹ ಸಣ್ಣ ಅಣುಗಳ ಜೊತೆ ದ್ರಾವಕದಲ್ಲಿ ಬೆರೆಸುತ್ತಾರೆ. ಅವು ಹೈಡ್ರೋಜನ್ ಬಂಧಗಳಿಂದ ಔಷಧದ ಸುತ್ತ ಕೂರುತ್ತವೆ. ಬಳಿಕ ಶಾಖ ಅಥವಾ ಯುವಿ ಬೆಳಕು ಕೊಟ್ಟು ಇಡೀ ಮಿಶ್ರಣವನ್ನು ಗಟ್ಟಿ ಪ್ಲಾಸ್ಟಿಕ್ ಮಾಡುತ್ತಾರೆ. ಔಷಧವನ್ನು ತೊಳೆದು ತೆಗೆದರೆ ಅದರ ಆಕಾರದ ಗುಳಿಗಳು ಉಳಿಯುತ್ತವೆ. ಆಕಾರವಷ್ಟೇ ಅಲ್ಲ, ಔಷಧವನ್ನು ಹಿಡಿಯುವ ರಾಸಾಯನಿಕ ಗುಂಪುಗಳೂ ತಮ್ಮ ಜಾಗದಲ್ಲೇ ಇರುತ್ತವೆ. ಇದರ ಪುಡಿಯನ್ನು ಪುಟ್ಟ ಕೊಳವೆಗೆ ತುಂಬಿ ಮೂತ್ರದ ಮಾದರಿ ಹಾಯಿಸಿದರೆ ಔಷಧ ಸಿಕ್ಕಿಕೊಳ್ಳುತ್ತದೆ. ಉಳಿದದ್ದರಲ್ಲಿ ಬಹುಪಾಲು ತೊಳೆದು ಹೋಗುತ್ತದೆ. ಕೊನೆಗೆ ಬೇರೊಂದು ದ್ರಾವಕದಿಂದ ಔಷಧವನ್ನು ಬಿಡಿಸಿ ಯಂತ್ರದಲ್ಲಿ ಅಳೆಯುತ್ತಾರೆ.

1993ರಲ್ಲಿ ಸ್ವೀಡನ್ನಿನ ಲುಂಡ್‌ನ ಕ್ಲಾಸ್ ಮೋಸ್‌ಬಾಕ್ ತಂಡ ಥಿಯೊಫಿಲಿನ್ ಅಚ್ಚಿನ ಪಾಲಿಮರ್ ಕೆಫೀನನ್ನು ಹೆಚ್ಚುಕಡಿಮೆ ಮೂಸಿಯೂ ನೋಡುವುದಿಲ್ಲ ಎಂದು 'ನೇಚರ್'ನಲ್ಲಿ ತೋರಿಸಿತು. ಮರುವರ್ಷ ಬೋರ್ಯೆ ಸೆಲ್ಲರ್‌ಗ್ರೆನ್ ಮೂತ್ರದಿಂದ ಪೆಂಟಾಮಿಡಿನ್ ಔಷಧವನ್ನು ಹೀಗೆ ಬೇರ್ಪಡಿಸಿದರು.

ಇದನ್ನು 'ಕೃತಕ ಪ್ರತಿಕಾಯ' ಎಂದು ಹೊಗಳುವವರಿದ್ದಾರೆ. ಬಿಸಿಗೂ ಆಮ್ಲಕ್ಕೂ ಜಗ್ಗುವುದಿಲ್ಲ, ತಯಾರಿಸಲು ಪ್ರಾಣಿಗಳೂ ಬೇಡ, ನಿಜ. ಆದರೆ ಗುಳಿಗಳೆಲ್ಲ ಒಂದೇ ಗುಣಮಟ್ಟದವಲ್ಲ. ನೀರಿನಲ್ಲಿ ಹೈಡ್ರೋಜನ್ ಬಂಧಗಳ ಹಿಡಿತವೂ ಸಡಿಲಾಗುತ್ತದೆ. ಹಾಗಾಗಿ ಆ ಹೊಗಳಿಕೆ ಸ್ವಲ್ಪ ಅತಿಯಾಯಿತು ಎಂಬುದು ನಮ್ಮ ಅನಿಸಿಕೆ.

ನಿಜವಾದ ಅಪಾಯ ಬೇರೆಡೆ ಇದೆ. ಎಷ್ಟೇ ತೊಳೆದರೂ ಅಚ್ಚಿಗೆ ಬಳಸಿದ ಔಷಧದ ಒಂದಿಷ್ಟು ಅಂಶ ಪ್ಲಾಸ್ಟಿಕ್‌ನೊಳಗೇ ಉಳಿದು, ಆಮೇಲೆ ಮೆಲ್ಲಗೆ ಸೋರುತ್ತದೆ. ಕ್ಲೆನ್‌ಬ್ಯುಟೆರಾಲ್ ಉದಾಹರಣೆ ನೋಡಿ. ಸ್ನಾಯು ಬೆಳೆಸಲು ಕ್ರೀಡಾಪಟುಗಳೂ ಜಾನುವಾರು ಸಾಕುವವರೂ ದುರ್ಬಳಕೆ ಮಾಡಿಕೊಂಡಿರುವ ಔಷಧವಿದು. ಹುಡುಕಬೇಕಾದದ್ದು ಅತ್ಯಲ್ಪ ಪ್ರಮಾಣ. ಕೊಳವೆಯಿಂದಲೇ ಅಷ್ಟು ಸೋರಿದರೆ, ಔಷಧ ಮುಟ್ಟದವರ ವರದಿಯಲ್ಲೂ 'ಪಾಸಿಟಿವ್' ಬರಬಹುದು!

ಪರಿಹಾರ ಸರಳ: ಅಚ್ಚಿಗೆ ಅಸಲಿ ಔಷಧದ ಬದಲು ಅದನ್ನೇ ಹೋಲುವ ಅಣುವನ್ನು ಬಳಸುವುದು. ಕ್ಲೆನ್‌ಬ್ಯುಟೆರಾಲ್‌ನ ಎರಡು ಕ್ಲೋರಿನ್‌ಗಳ ಜಾಗದಲ್ಲಿ ಬ್ರೋಮಿನ್ ಇದ್ದರೆ ಅದು ಬ್ರೋಂಬ್ಯುಟೆರಾಲ್. ಗುಳಿ ಬಹುತೇಕ ಅದೇ ಆಕಾರದ್ದು. ಸೋರಿದರೂ ತೂಕ ಬೇರೆಯಾದ್ದರಿಂದ ಮಾಸ್ ಸ್ಪೆಕ್ಟ್ರೋಮೀಟರ್ ಎರಡನ್ನೂ ಪ್ರತ್ಯೇಕವಾಗಿ ಗುರುತಿಸುತ್ತದೆ. ಇದರ ಜೊತೆಗೆ, ಔಷಧವೇ ಇಲ್ಲದ ಮಾದರಿಯನ್ನು ಅದೇ ಕೊಳವೆಯಲ್ಲಿ ಹಾಯಿಸಿ ಏನು ಹೊರಬರುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು.