ಬಾಲ ತಗ್ಗಿದ ಬಂಡಿ

ಎತ್ತಿನ ಗಾಡಿಗೆ ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಸರಕು ತುಂಬಿದ ಪಿಕಪ್ಪಿಗೆ ಟ್ರೈಲರ್ ಕಟ್ಟಿದಾಗ ಆಗುವುದೂ ಇದೇ. ಎರಡು ಅಚ್ಚುಗಳ ನಡುವೆ 10 ಅಡಿ, ಕೊಕ್ಕೆ ಹಿಂದಿನ ಅಚ್ಚಿನಿಂದ 4 ಅಡಿ ಆಚೆ ಎನ್ನೋಣ. ಕೊಕ್ಕೆಯ ಮೇಲೆ 200 ಕಿಲೋ ಕೂತರೆ ಹಿಂದಿನ ಅಚ್ಚಿಗೆ ಬೀಳುವುದು 280. ಹೆಚ್ಚಿನ 80 ಮುಂದಿನ ಗಾಲಿಗಳಿಂದ ಕಸಿದದ್ದು. ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ, ದೀಪ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಅಮೆರಿಕದಲ್ಲಿ ಬಾಲವೆತ್ತುವ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತವರಲ್ಲಿ ಕಳ್ಳಭಟ್ಟಿ ಸಾಗಿಸುವವರೂ ಉಂಟು! 1920ರಿಂದ 1933ರವರೆಗಿನ ಪಾನನಿರೋಧದ ದಿನಗಳಲ್ಲೂ ಅನಂತರವೂ, ಬಾಲ ತಗ್ಗಿದ ಕಾರೆಂದರೆ ಪೊಲೀಸರಿಗೆ ಗುಮಾನಿ. ಬಿಗಿಯಾದ ಸ್ಪ್ರಿಂಗ್ ಹಾಕಿಸಿದರು. ಸರಕು ಇಳಿಸಿದೊಡನೆ ಬಾಲ ಆಕಾಶಕ್ಕೆ, ಅದೂ ಗುಮಾನಿಯೇ.

1955ರ ಪ್ಯಾಕರ್ಡ್ ಕಾರಿನ ಉಪಾಯ ಇನ್ನೂ ಜಾಣತನದ್ದು. ಅದಕ್ಕೆ ಉದ್ದನೆಯ ಉಕ್ಕಿನ ಸರಳುಗಳೇ ಸ್ಪ್ರಿಂಗು. ಹಿಂದೆ ಭಾರ ಬಿದ್ದರೆ ಕೆಲವು ಸೆಕೆಂಡು ಕಾದು, ವಿದ್ಯುತ್ ಮೋಟಾರೊಂದು ಗಿಡ್ಡ ಸರಳುಗಳನ್ನು ತಿರುಚಿ ಕಾರನ್ನು ಸಮಮಾಡುತ್ತಿತ್ತು. ಕಾಯುವುದೇಕೆ? ರಸ್ತೆಯ ಪ್ರತಿ ಗುಂಡಿಗೂ ಎದ್ದು ಕುಣಿಯಬಾರದಲ್ಲ!

ಆದರೆ ಸ್ಪ್ರಿಂಗಾಗಲಿ, ಮೋಟಾರಾಗಲಿ, ಗಾಳಿಚೀಲವಾಗಲಿ ಎತ್ತಿದ್ದು ಬಾಲವನ್ನಷ್ಟೆ. ಮುಂದಿನ ಗಾಲಿಗಳು ಕಳೆದುಕೊಂಡ ತೂಕವನ್ನು ಮರಳಿಸಿದ್ದು ಬೇರೊಂದು ಸಾಧನ: ಕೊಕ್ಕೆಯಿಂದ ಹೊರಟು ಟ್ರೈಲರಿನ ಚೌಕಟ್ಟಿಗೆ ಸರಪಣಿಯಿಂದ ಬಿಗಿದ ಎರಡು ಸರಳುಗಳು. ತಳ್ಳುಗಾಡಿಯ ಹಿಡಿಗಳನ್ನೆತ್ತಿದಂತೆ ಅವು ಕೊಕ್ಕೆಯನ್ನೆತ್ತಿ, ಭಾರವನ್ನು ಮುಂದಿನ ಅಚ್ಚಿಗೂ ಟ್ರೈಲರಿನ ಗಾಲಿಗಳಿಗೂ ಹಂಚುತ್ತವೆ. ಪಿಕಪ್ಪಿನೊಳಗಿನ ಮೂಟೆಗಳನ್ನು ಮಾತ್ರ ನಾವೇ ಹಿಂದಿನ ಅಚ್ಚಿನ ಮುಂದಕ್ಕೆ ಸರಿಸಿಕೊಳ್ಳಬೇಕು.