ಸಕ್ಕರೆಯ ಅಳತೆ ರೋಗಿಯ ಕೈಗೆ ಬಂದ ಬಗೆ

‘ಮಧುಮೇಹ’ ಎಂಬ ಪದವನ್ನು ನೀವು ಎಂದಾದರೂ ಬಿಡಿಸಿ ನೋಡಿದ್ದೀರಾ? ಮಧು ಎಂದರೆ ಜೇನು. ಮೇಹ ಎಂಬುದು ಮೂತ್ರಕ್ಕೆ ಸಂಬಂಧಿಸಿದ ರೋಗ. ಈ ರೋಗಿಗಳ ಮೂತ್ರಕ್ಕೆ ಇರುವೆಗಳು ಮುತ್ತುತ್ತವೆ ಎಂಬುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು. ರೋಗದ ಹೆಸರಿನಲ್ಲಿಯೇ ಅದನ್ನು ಗುರುತಿಸುವ ವಿಧಾನವೂ ಅಡಗಿದೆ. ಆದರೆ ಸಿಹಿ ಇದೆ ಎಂದು ತಿಳಿಯುವುದು ಬೇರೆ, ಎಷ್ಟಿದೆ ಎಂದು ಅಳೆಯುವುದು ಬೇರೆ. ಆ ಅಳತೆ ವೈದ್ಯರ ಕೈಯಿಂದ ರೋಗಿಯ ಕೈಗೆ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1674ರಲ್ಲಿ ಈ ರೋಗಿಗಳ ಮೂತ್ರ ಸಿಹಿಯಾಗಿರುತ್ತದೆಂದು ಬರೆದನು. ದೀರ್ಘಕಾಲದ ದುಃಖವೂ ಈ ರೋಗಕ್ಕೆ ಕಾರಣವೆಂಬುದು ಅವನ ಅಭಿಪ್ರಾಯವಾಗಿತ್ತು. ಸುಮಾರು ನೂರು ವರ್ಷಗಳ ನಂತರ, 1776ರಲ್ಲಿ, ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ಮೂತ್ರವನ್ನು ಕಾಯಿಸಿ ಆವಿ ಮಾಡಿ, ತಳದಲ್ಲಿ ಉಳಿದದ್ದು ಸಕ್ಕರೆಯೇ ಎಂದು ತೋರಿಸಿದನು. ರೋಗಿಯ ರಕ್ತದಲ್ಲಿಯೂ ಸಿಹಿ ಇದೆಯೆಂದು ಅವನು ಕಂಡುಕೊಂಡನು. ಅಂದರೆ ಇದು ಕೇವಲ ಮೂತ್ರಪಿಂಡದ ತೊಂದರೆಯಲ್ಲ, ಇಡೀ ದೇಹಕ್ಕೆ ಸಂಬಂಧಿಸಿದ್ದು ಎಂಬ ತಿಳಿವಳಿಕೆಗೆ ದಾರಿಯಾಯಿತು.

ಮನಸ್ಸಿಗೂ ಸಕ್ಕರೆಗೂ ಏನು ಸಂಬಂಧ? ಇದಕ್ಕೆ ಮೊದಲ ಸುಳಿವು ದೊರೆತದ್ದು ಫ್ರಾನ್ಸಿನಲ್ಲಿ. ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿ 1849ರಲ್ಲಿ ಮೊಲವೊಂದರ ಮೆದುಳಿನ ಬುಡದಲ್ಲಿ ಸೂಜಿಯಿಂದ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಯಕೃತ್ತು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ ಎಂಬುದನ್ನು ಕಂಡುಹಿಡಿದವನೂ ಇವನೇ.

ಈ ವಿಷಯವನ್ನು ಮನುಷ್ಯರಲ್ಲಿ ಪರೀಕ್ಷಿಸಿದವರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಪ್ರಮುಖನು. 1913ರಲ್ಲಿ ಆತನೂ ಅವನ ಸಹೋದ್ಯೋಗಿಯೂ ರೋಚಕವಾದ ಒಂದು ಫುಟ್‌ಬಾಲ್ ಪಂದ್ಯ ಮುಗಿದ ಕೂಡಲೇ ತಂಡದ 25 ಮಂದಿಯ ಮೂತ್ರವನ್ನು ಪರೀಕ್ಷಿಸಿದರು. 12 ಮಂದಿಯಲ್ಲಿ ಸಕ್ಕರೆ ಇತ್ತು. ಇವರಲ್ಲಿ ಐವರು ಮೈದಾನಕ್ಕೆ ಇಳಿಯದೆ ಹೊರಗೇ ಕುಳಿತಿದ್ದ ಬದಲಿ ಆಟಗಾರರು! ನಿಮಗೆ ಇನ್ನೂ ಹತ್ತಿರವಾದ ಒಂದು ಪ್ರಯೋಗವನ್ನೂ ಕ್ಯಾನನ್ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕಠಿಣವಾದ ಪರೀಕ್ಷೆ ಬರೆದು ಬಂದ ಒಂಬತ್ತು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ನಾಲ್ವರ ಮೂತ್ರದಲ್ಲಿ ಸಕ್ಕರೆ ಕಂಡುಬಂತು. ಸುಲಭವಾದ ಪರೀಕ್ಷೆಯ ನಂತರ ಒಬ್ಬನಲ್ಲಿ ಮಾತ್ರ.

ಹೀಗೇಕೆ ಆಗುತ್ತದೆ? ಭಯ, ಕೋಪ, ಆತಂಕ ಉಂಟಾದಾಗ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳನ್ನು ಸ್ರವಿಸುತ್ತವೆ. ಓಡುವುದಕ್ಕೋ ಹೋರಾಡುವುದಕ್ಕೋ ಶಕ್ತಿ ಬೇಕಲ್ಲವೇ? ಅದಕ್ಕಾಗಿ ಯಕೃತ್ತು ತನ್ನ ದಾಸ್ತಾನಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಈ ಏರಿಕೆಯನ್ನು ಬೇಗನೆ ಹತೋಟಿಗೆ ತರುತ್ತದೆ. ಮಧುಮೇಹಿಗಳಲ್ಲಿ ಇನ್ಸುಲಿನ್ ಇಲ್ಲವೇ ಇಲ್ಲ, ಅಥವಾ ಸಾಕಷ್ಟು ಕೆಲಸ ಮಾಡುವುದಿಲ್ಲ. ಆದ್ದರಿಂದ ಹೆಚ್ಚಿಗೆ ಏನನ್ನೂ ತಿನ್ನದಿದ್ದರೂ ಅವರ ಸಕ್ಕರೆ ಏರಿ, ಹಾಗೆಯೇ ನಿಲ್ಲಬಹುದು.

ಇದನ್ನು ರೋಗಿಯೇ ಅಳೆಯುವುದು ಹೇಗೆ? ನಿಮ್ಮ ಪ್ರಯೋಗಶಾಲೆಯ ಬೆನೆಡಿಕ್ಟ್ ದ್ರಾವಣ ನೆನಪಿದೆಯಲ್ಲವೇ? ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1908ರಲ್ಲಿ ಪ್ರಕಟಿಸಿದ ಈ ನೀಲಿ ದ್ರಾವಣಕ್ಕೆ ಮೂತ್ರದ ಹನಿಗಳನ್ನು ಹಾಕಿ ಕುದಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಬಣ್ಣ ಹಸಿರು, ಹಳದಿ, ಇಟ್ಟಿಗೆಗೆಂಪು ಆಗುತ್ತದೆ. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾದ ಬಳಿಕ ಎಷ್ಟೋ ಮನೆಗಳಿಗೆ ಮೂತ್ರಪರೀಕ್ಷೆಯೇ ಆಸರೆಯಾಯಿತು. ಆದರೆ ಅದರ ಕೊರತೆ ದೊಡ್ಡದು. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಸಾಮಾನ್ಯವಾಗಿ ಮೂತ್ರದಲ್ಲಿ ಕಾಣಿಸುತ್ತದೆ. ಕೆಲವು ಗಂಟೆಗಳ ಹಿಂದಿನ ಸ್ಥಿತಿಯನ್ನು ಅದು ಹೇಳುತ್ತದೆಯೇ ಹೊರತು ಈ ಕ್ಷಣದ್ದನ್ನಲ್ಲ. ಸಕ್ಕರೆ ಅಪಾಯಕಾರಿಯಾಗಿ ಇಳಿದರಂತೂ ಅದಕ್ಕೆ ತಿಳಿಯುವುದೇ ಇಲ್ಲ.

1960ರ ದಶಕದ ಮಧ್ಯದಲ್ಲಿ ರಕ್ತದ ಹನಿಯಿಂದಲೇ ಸಕ್ಕರೆಯನ್ನು ತೋರಿಸುವ ಪಟ್ಟಿಗಳು ಬಂದವು. 1970ರಲ್ಲಿ ಆ ಬಣ್ಣವನ್ನು ಓದುವ ಯಂತ್ರ ಬಂತು. ಆದರೆ ಅದು ವೈದ್ಯರಿಗೆ ಮಾತ್ರ! ಬಾಲ್ಯದಿಂದ ಮಧುಮೇಹವಿದ್ದ ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಎಂಜಿನಿಯರ್ ವೈದ್ಯೆಯಾಗಿದ್ದ ಪತ್ನಿಯ ಮೂಲಕ ಅಂಥ ಯಂತ್ರವನ್ನು ಪಡೆದರು. ದಿನಕ್ಕೆ ಹಲವು ಸಲ ಅಳೆದು, ಇನ್ಸುಲಿನನ್ನೂ ಆಹಾರವನ್ನೂ ಹೊಂದಿಸಿಕೊಂಡರು. ಅವರ ಬರಹಗಳನ್ನು ವೈದ್ಯಕೀಯ ಪತ್ರಿಕೆಗಳು ಒಪ್ಪಲಿಲ್ಲ. ಕೊನೆಗೆ ನಡುವಯಸ್ಸಿನಲ್ಲಿ ಅವರೇ ವೈದ್ಯಕೀಯ ಕಾಲೇಜು ಸೇರಿ ವೈದ್ಯರಾದರು. ಇತ್ತ 1978ರಲ್ಲಿ, ರೋಗಿಗಳು ಮನೆಯಲ್ಲಿಯೇ ರಕ್ತಪರೀಕ್ಷೆ ಮಾಡಿಕೊಳ್ಳಬಲ್ಲರು, ಅದರಿಂದ ಸಕ್ಕರೆಯ ಹತೋಟಿ ಸುಧಾರಿಸುತ್ತದೆ ಎಂಬ ವರದಿಗಳು ಬ್ರಿಟನ್ನಿನಿಂದ ಪ್ರಕಟವಾದವು.

ಇದರಿಂದ ನಿಜವಾದ ಲಾಭವೇನು ಎಂಬ ಪ್ರಶ್ನೆಗೆ ದೊಡ್ಡ ಉತ್ತರ ದೊರೆತದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾಗಳಲ್ಲಿ ಇನ್ಸುಲಿನ್ ಅವಲಂಬಿಸಿದ 1,441 ಮಂದಿಯ ಮೇಲೆ ಹತ್ತು ವರ್ಷ ನಡೆದ ಅಧ್ಯಯನವದು. ದಿನಕ್ಕೆ ನಾಲ್ಕು ಸಲವಾದರೂ ರಕ್ತಪರೀಕ್ಷೆ ಮಾಡಿಕೊಂಡು ಚಿಕಿತ್ಸೆಯನ್ನು ಸರಿಹೊಂದಿಸಿಕೊಂಡವರ ಗುಂಪಿನಲ್ಲಿ, ಮೊದಲು ಕಣ್ಣಿನ ತೊಂದರೆ ಇಲ್ಲದಿದ್ದವರಿಗೆ ಅಂಥ ತೊಂದರೆ ಬರುವ ಸಂಭವ ಶೇಕಡಾ 76ರಷ್ಟು ಕಡಿಮೆಯಾಯಿತು. ಆದರೆ ಸಕ್ಕರೆ ತೀರಾ ಇಳಿದುಹೋಗುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚಿತು. ಅಂದರೆ ಅಳತೆ ಬೇಕಾದದ್ದು ಎರಡೂ ಕಡೆಯ ಎಚ್ಚರಿಕೆಗೆ.

ಇಂದು ಚರ್ಮದಡಿಯ ಪುಟ್ಟ ಸಂವೇದಕ ಕೆಲವೇ ನಿಮಿಷಗಳಿಗೊಮ್ಮೆ ಸಕ್ಕರೆಯನ್ನು ಅಳೆದು ಮೊಬೈಲಿಗೆ ತಿಳಿಸುತ್ತದೆ. ಆದರೂ ಆ ಅಂಕಿಯನ್ನು ಅರ್ಥಮಾಡಿಕೊಳ್ಳುವ ಕೆಲಸ ಮನುಷ್ಯರದೇ. ನಿಮ್ಮ ಮನೆಯಲ್ಲಿ ಅಥವಾ ತರಗತಿಯಲ್ಲಿ ಮಧುಮೇಹವುಳ್ಳವರು ಇರಬಹುದು, ನೀವೇ ಆಗಿರಬಹುದು. ಅಂಕಿ ಹೆಚ್ಚು ಬಂದ ಕೂಡಲೇ “ಏನು ಕದ್ದು ತಿಂದೆ?” ಎಂದು ಗದರಿಸುವವರೇ ಹೆಚ್ಚು. ಆ ಗದರಿಕೆಯೇ ಆತಂಕವನ್ನು ಬೆಳೆಸುತ್ತದೆ. ಆತಂಕ ಸಕ್ಕರೆಯನ್ನು ಇನ್ನಷ್ಟು ಏರಿಸಬಹುದು. ಬೈಗುಳಕ್ಕೆ ಹೆದರಿದವರು ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ, ಇಲ್ಲವೇ ಸುಳ್ಳು ಅಂಕಿ ಬರೆಯುತ್ತಾರೆ. ಅದರ ಬದಲು ಅಂಕಿಯ ಪಕ್ಕದಲ್ಲಿ ಆ ದಿನದ ಊಟ, ನಿದ್ದೆ, ಜ್ವರ, ಚಿಂತೆಗಳನ್ನೂ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಕಾರಣ ತಾನಾಗಿಯೇ ಹೊರಬೀಳುತ್ತದೆ. ಮೈದಾನಕ್ಕೆ ಇಳಿಯದ ಆ ಐವರು ಆಟಗಾರರು ಯಾವ ತಪ್ಪನ್ನೂ ಮಾಡಿರಲಿಲ್ಲ. ಸಕ್ಕರೆಯ ಅಂಕಿ ಪರೀಕ್ಷೆಯ ಅಂಕವಲ್ಲ. ಅದು ದಾರಿ ತೋರುವ ಕೈಮರ.